ಮಳೆ ಬಿಟ್ಟ ಮೇಲೆ ಏನು ಅಡುಗೆ? ಮೈ ತಾಳಿಕೊಳ್ಳುವ ಊಟಕ್ಕೊಂದು ಕೈಪಿಡಿ

ಹಸ್ತದ ಮಳೆ ಮುಗಿದು ಚಿತ್ತಾ ಹಿಡಿಯುವ ಹೊತ್ತಿಗೆ ನಮ್ಮ ಕಡೆ ಮನೆಮನೆಯಲ್ಲೂ ಯಾರಾದರೊಬ್ಬರು ಕೆಮ್ಮುತ್ತಿರುತ್ತಾರೆ. ಬೆಳಿಗ್ಗೆ ಶಿರಸಿ ಕಡೆಯ ತೋಟಗಳಲ್ಲಿ ಇಬ್ಬನಿ. ಮಧ್ಯಾಹ್ನ ಕಾರವಾರದಲ್ಲಿ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು. ಸಂಜೆ ಗುಡುಗಿ ಮತ್ತೊಂದು ಮಳೆ. ಒಂದೇ ದಿನದಲ್ಲಿ ಮೂರು ಕಾಲ ಕಂಡ ಮೈ ಸೋಲದೆ ಇನ್ನೇನು ಮಾಡುತ್ತದೆ? ಜೊತೆಗೆ ನಾಲ್ಕು ತಿಂಗಳಿಂದ ನಿಂತ ನೀರು, ಸೊಳ್ಳೆ, ಕಲಕಿದ ಬಾವಿ.

ನಾನು ಹುಟ್ಟಿ ಬೆಳೆದದ್ದು ಶಿರಸಿ ಸೀಮೆಯ ಹಳ್ಳಿಯಲ್ಲಿ. ಈಗ 14 ವರ್ಷದಿಂದ ಕಾರವಾರದಲ್ಲಿ ಸಂಸಾರ. ಘಟ್ಟದ ಮೇಲಿನ ತಂಬುಳಿ, ಕಷಾಯ ಆಯಿಯಿಂದ ಬಂತು. ಕರಾವಳಿಯ ಮೀನು, ಗಂಜಿ ಕಲಿಸಿದವರು ಅತ್ತೆ ಮತ್ತು ಪಕ್ಕದ ಮನೆಯ ವೈನಿ. ಪ್ರತಿ ಅಕ್ಟೋಬರಿನಲ್ಲೂ ಗೆಳತಿಯರ ಫೋನು ಬರುತ್ತದೆ. "ಮಕ್ಕಳಿಗೆ ಬಿಟ್ಟೂ ಬಿಡದೆ ನೆಗಡಿ. ಇಮ್ಯುನಿಟಿಗೆ ಏನಾದ್ರೂ ಪುಡಿ ಇದ್ರೆ ಹೇಳೇ." ಪುಡಿ ಬಿಡು, ಮೊದಲು ತಟ್ಟೆ ನೋಡು ಅನ್ನುತ್ತೇನೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಅಡುಗೆಗೆ ಮೊದಲು

ಯಾವ ಒಂದು ಪದಾರ್ಥವೂ ಕಾಯಿಲೆ ಬರದ ಹಾಗೆ ತಡೆಯುವುದಿಲ್ಲ. ಅರಿಶಿನದಿಂದಲೂ ಆಗುವುದಿಲ್ಲ, ಅಮೃತಬಳ್ಳಿಯಿಂದಲೂ ಆಗುವುದಿಲ್ಲ. ರೋಗದ ಜೊತೆ ಸೆಣಸುವ ಕೆಲಸ ಮೈಯೊಳಗೆ ದಿನವೂ ನಡೆಯುತ್ತಿರುತ್ತದೆ. ಆ ಕೆಲಸಕ್ಕೆ ಸಾಮಾನು ಬೇಕು, ಅಷ್ಟೇ. ರೋಗಾಣುವನ್ನು ಹಿಡಿಯುವ ಪ್ರತಿಕಾಯಗಳು ಆಗುವುದೇ ಪ್ರೋಟೀನಿನಿಂದ. ಅದಕ್ಕೆ ಕಾಳು, ಮೀನು, ಮೊಟ್ಟೆ, ಹಾಲು, ಮೊಸರು ಬೇಕು. ಮೂಗು, ಗಂಟಲು, ಕರುಳಿನ ಒಳಪದರ ಚೆನ್ನಾಗಿರಲು ವಿಟಮಿನ್ ಎ ಬೇಕು. ಸಿಹಿಗುಂಬಳ, ಹರಿವೆ, ಬಸಳೆ ತಿಂದರೆ ಅದು ಸಿಗುತ್ತದೆ. ವಿಟಮಿನ್ ಸಿಗೆ ನೆಲ್ಲಿ, ಲಿಂಬೆ, ಪೇರಲೆ. ಕಬ್ಬಿಣಕ್ಕೂ ಸತುವಿಗೂ ಕಾಳು, ಮೀನು, ನಮ್ಮ ಹೊಳೆಗಳ ಬೆಳಚು (ಚಿಪ್ಪುಮೀನು). ಇವೆಲ್ಲ ದಿನಾ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋಗಬೇಕು. ಒಂದು ದಿನ ಜಾಸ್ತಿ ತಿಂದು ಆರು ದಿನ ಬಿಟ್ಟರೆ ಆಗುವುದಿಲ್ಲ.

ಇದನ್ನು ನಾನು ಕಷ್ಟಪಟ್ಟೇ ಕಲಿತೆ. 2020ರಲ್ಲಿ ಕೊರೋನಾ ಹೆದರಿಕೆಗೆ ದಿನಕ್ಕೆ ನಾಲ್ಕೈದು ಸಲ ಖಾರದ ಕಷಾಯ ಕುಡಿದೆ. ಕಾಳುಮೆಣಸು, ಶುಂಠಿ, ಲವಂಗ, ದಾಲ್ಚಿನ್ನಿ ಎಲ್ಲ ಹಾಕಿ ಕುದಿಸಿದ್ದು. ಮೂರನೇ ವಾರಕ್ಕೆ ಎದೆಯುರಿ ಶುರುವಾಯಿತು, ಬಾಯಿ ಹುಣ್ಣಾಯಿತು, ಊಟವೇ ಬೇಡವಾಯಿತು. ಮೈಗೆ ಬಲ ಬರಲಿ ಎಂದು ಕುಡಿದದ್ದು ಊಟವನ್ನೇ ಬಿಡಿಸಿತು. ಅಮೃತಬಳ್ಳಿ ಕಷಾಯವನ್ನು ದಿನಗಟ್ಟಲೆ ಕುಡಿದು ಲಿವರಿಗೆ ತೊಂದರೆಯಾದ ಪ್ರಕರಣಗಳನ್ನು ಆ ಹೊತ್ತಿನಲ್ಲಿ ವೈದ್ಯರು ದಾಖಲಿಸಿದ್ದಾರೆ. ಔಷಧಿ ಬೇರೆ, ಅಡುಗೆ ಬೇರೆ. ಈ ಲೇಖನ ಪೂರ್ತಿ ಅಡುಗೆಯದ್ದು.

ಇನ್ನು ನೀರು. ಮಳೆ ಕಳೆದ ಹೊಸತರಲ್ಲಿ ಬಾವಿ ನೀರು ತಿಳಿಯಾಗಿ ಕಂಡರೂ ನಂಬಬೇಡಿ. ಗುಳುಗುಳು ಕುದಿ ಬಂದ ಮೇಲೂ ಒಂದೆರಡು ನಿಮಿಷ ಕುದಿಸಿ, ಆರಿಸಿ, ಮುಚ್ಚಿಡಿ. ಮಜ್ಜಿಗೆಗೆ, ತಂಬುಳಿಗೆ ಬೆರೆಸುವ ನೀರೂ ಇದೇ ಆಗಿರಲಿ. ಕುಡಿಯಲು ಕುದಿಸಿದ ನೀರು, ಮಜ್ಜಿಗೆಗೆ ನಲ್ಲಿ ನೀರು ಮಾಡುವ ಮನೆಗಳು ತುಂಬ ಇವೆ.

ಗಂಜಿಯಿಂದ ಶುರು ಮಾಡೋಣ

ಬೆಳಗಿನ ತಿಂಡಿಗೆ ವಾರದಲ್ಲಿ ಎರಡು ದಿನವಾದರೂ ಕುಚ್ಚಲಕ್ಕಿ ಗಂಜಿ ಇರಲಿ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ ಒಣಗಿಸಿದಾಗ ತೌಡಿನಲ್ಲಿರುವ ಬಿ ವಿಟಮಿನ್ನುಗಳಲ್ಲಿ ಸ್ವಲ್ಪ ಭಾಗ ಕಾಳಿನೊಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿಗೆ ಹಾಕಿದರೂ ಅದು ಪೂರ್ತಿ ಹೋಗುವುದಿಲ್ಲ. ಬಿಳಿ ಅಕ್ಕಿಗಿಂತ ಕುಚ್ಚಲಕ್ಕಿ ಮೇಲು ಅನ್ನಲು ಕಾರಣ ಇದು.

ಕುಮಟಾ ಕಡೆಯವರ ಪರಿಚಯ ಇದ್ದರೆ ಕಗ್ಗದ ಅಕ್ಕಿ ಕೇಳಿ. ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ ಗಜನಿ ಗದ್ದೆಗಳಿವೆ. ಮಾಣಿಕಟ್ಟೆಯ ಸುತ್ತಮುತ್ತ ಹೋದರೆ ಕಾಣುತ್ತವೆ. ಅಲ್ಲಿ ಉಪ್ಪುನೀರು ನುಗ್ಗಿದರೂ ಈ ಭತ್ತ ಸಾಯುವುದಿಲ್ಲ. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಮಳೆಗಾಲ ಮುಗಿಯುತ್ತಿದ್ದ ಹಾಗೆ ಕೊಯ್ಲು. ಅಕ್ಕಿ ಕೆಂಪು, ಗಂಜಿ ಮಂದ, ಬಾಯಲ್ಲಿ ಒಂದು ಬಗೆಯ ಸಿಹಿ ಉಳಿಯುತ್ತದೆ. ಬೆಳೆಯುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ನಾವು ಕೇಳಿ ಕೊಂಡರಷ್ಟೇ ಆ ಗದ್ದೆ ಉಳಿದೀತು ಎಂದು ನಾನು ನಂಬುತ್ತೇನೆ.

ಮಾಡುವ ಕ್ರಮ ಹೀಗೆ:

1. ಒಂದು ಲೋಟ ಕುಚ್ಚಲಕ್ಕಿಯನ್ನು ಮೂರು ನೀರು ತೊಳೆದು ಒಂದು ತಾಸು ನೆನೆಹಾಕಿ.
2. ಏಳೆಂಟು ಲೋಟ ನೀರು ಕಾಯಿಸಿ, ಕುದಿ ಬಂದ ಮೇಲೆ ಅಕ್ಕಿ ಹಾಕಿ. ಸಣ್ಣ ಉರಿಯಲ್ಲಿ 45 ನಿಮಿಷದಿಂದ ಒಂದು ತಾಸು ಬೇಕು. ಕುಕ್ಕರಿನಲ್ಲಾದರೆ ಆರೇಳು ಸೀಟಿ ಹೊಡೆಸಿ, ಗಾಳಿ ತಾನಾಗಿ ಇಳಿಯಲು ಬಿಡಿ.
3. ಅಗುಳು ಬೆರಳಲ್ಲಿ ಒತ್ತಿದರೆ ನುರಿಯಬೇಕು, ಆದರೆ ಕರಗಿರಬಾರದು. ತಿಳಿ ಬಸಿಯಬೇಡಿ.
4. ಉಪ್ಪು, ಒಂದು ಚಮಚ ತುಪ್ಪ.

ಬರೀ ಗಂಜಿ ಕುಡಿದು ಎದ್ದರೆ ಸಾಲದು. ಪಕ್ಕಕ್ಕೆ ಹುರುಳಿ ಪಲ್ಯವೋ, ಮೊಟ್ಟೆಯೋ, ಸುಟ್ಟ ಬಂಗಡೆಯೋ ಇರಲಿ. ಉಪ್ಪಿನಕಾಯಿ ನೆಕ್ಕಿಕೊಂಡು ಗಂಜಿ ಮುಗಿಸುವುದು ರುಚಿಯೇ, ಆದರೆ ಅದರಲ್ಲಿ ಸಾಕಷ್ಟು ಪ್ರೋಟೀನ್ ಇಲ್ಲ.

ಉಳಿದ ಗಂಜಿ ಬಗ್ಗೆ ಎಚ್ಚರ. ಬೇಯಿಸಿದ ಅನ್ನವನ್ನು ತಾಸುಗಟ್ಟಲೆ ಬೆಚ್ಚಗೆ ಹೊರಗಿಟ್ಟರೆ ಒಂದು ಜಾತಿಯ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಮತ್ತೆ ಕುದಿಸಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಆರಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ದೊಡ್ಡವರು ತಂಗಳನ್ನ ಉಂಡು ಜೀರ್ಣಿಸಿಕೊಂಡಾರು. ಸಣ್ಣ ಮಕ್ಕಳಿಗೆ, ಜ್ವರ ಬಿಟ್ಟು ಎದ್ದವರಿಗೆ ಆ ದಿನದ್ದನ್ನೇ ಕೊಡಿ.

ಹುರುಳಿ ಕಟ್ಟಿನ ಸಾರು

ಚಳಿ ಹತ್ತಿರ ಬಂತೆಂದರೆ ನಮ್ಮಲ್ಲಿ ಹುರುಳಿ ಬೇಯಬೇಕು. ಕಾರವಾರದ ಕೊಂಕಣಿ ಮನೆಗಳಲ್ಲಿ ಇದೇ ಕುಳಿತ್. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಕಬ್ಬಿಣವೂ ಇದೆ. ದುಡ್ಡು ಕಡಿಮೆ, ಬೇಳೆಯ ಹಾಗೆ ಬೇಗ ಹುಳು ಹಿಡಿಯುವುದೂ ಇಲ್ಲ.

1. ಒಂದು ಲೋಟ ಹುರುಳಿಯನ್ನು ಮೊರದಲ್ಲಿ ಹರಡಿ ಕಲ್ಲು ಆರಿಸಿ. ಈ ಕೆಲಸಕ್ಕೆ ಅವಸರ ಬೇಡ, ಹುರುಳಿಯಲ್ಲಿ ಕಾಳಿನ ಬಣ್ಣದ್ದೇ ಕಲ್ಲು ಇರುತ್ತದೆ. ರಾತ್ರಿ ನೆನೆಹಾಕಿ.
2. ಬೆಳಿಗ್ಗೆ ನೀರು ಚೆಲ್ಲಿ, ತೊಳೆದು, ಐದು ಲೋಟ ಹೊಸ ನೀರಿನಲ್ಲಿ ಐದಾರು ಸೀಟಿ ಬೇಯಿಸಿ.
3. ಕಟ್ಟು ಬಸಿದುಕೊಳ್ಳಿ. ಕಂದು ಬಣ್ಣದ, ಮಣ್ಣಿನ ಪರಿಮಳದ ನೀರು ಬರುತ್ತದೆ. ಕಾಳನ್ನು ಪಲ್ಯಕ್ಕೆ ಎತ್ತಿಡಿ. ಒಂದು ಹಿಡಿ ಕಾಳು ಮಾತ್ರ ಅರೆಯಲು ತೆಗೆದುಕೊಳ್ಳಿ.
4. ಆ ಹಿಡಿ ಕಾಳಿನ ಜೊತೆ ಎರಡು ಚಮಚ ಕಾಯಿತುರಿ, ಅರ್ಧ ಚಮಚ ಜೀರಿಗೆ, ಆರು ಕಾಳುಮೆಣಸು, ಎರಡು ಒಣಮೆಣಸು ಸೇರಿಸಿ ನುಣ್ಣಗೆ ಅರೆಯಿರಿ.
5. ಕಟ್ಟಿಗೆ ಇದನ್ನು ಬೆರೆಸಿ, ಹುಣಸೆ ರಸ, ಉಪ್ಪು, ಚಿಟಿಕೆ ಅರಿಶಿನ, ಸಣ್ಣ ಚೂರು ಬೆಲ್ಲ ಹಾಕಿ ಹತ್ತು ನಿಮಿಷ ಕುದಿಸಿ.
6. ಜಜ್ಜಿದ ಬೆಳ್ಳುಳ್ಳಿ ಏಳೆಂಟು ಎಸಳು ಕೆಂಪಗಾಗುವ ತನಕ ತುಪ್ಪದಲ್ಲಿ ಹುರಿದು ಒಗ್ಗರಣೆ ಕೊಡಿ.

ಕಟ್ಟಿನ ಸಾರು ಮೊದಲ ದಿನಕ್ಕಿಂತ ಎರಡನೇ ದಿನ ರುಚಿ. ಮಕ್ಕಳು ಅನ್ನದ ಮೇಲೆ ಸಾರು ಸುರಿದುಕೊಂಡು ಕಾಳನ್ನು ಬದಿಗೆ ತಳ್ಳುತ್ತಾರೆ, ಅಲ್ವಾ? ಪ್ರೋಟೀನ್ ಉಳಿದಿರುವುದೇ ಕಾಳಿನಲ್ಲಿ. ಹಾಗಾಗಿ ಪಲ್ಯವನ್ನು ಮೊದಲು ಬಡಿಸಿ, ಸಾರು ಆಮೇಲೆ. ನಮ್ಮ ಮನೆಯಲ್ಲಿ ಈ ಉಪಾಯ ನಡೆಯಿತು. ಕಾಳಿಗೆ ತೆಂಗಿನತುರಿ, ಲಿಂಬೆರಸ ಜಾಸ್ತಿಯೇ ಹಾಕಿ. ಲಿಂಬೆಯ ವಿಟಮಿನ್ ಸಿ ಇದ್ದರೆ ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಇದರ ಉಲ್ಟಾ. ಒಂದು ತಾಸು ಬಿಟ್ಟು ಕುಡಿಯಿರಿ.

ಒಂದೆಲಗದ ತಂಬುಳಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಊಟ ಶುರುವಾಗುವುದೇ ತಂಬುಳಿಯಿಂದ. ಮಳೆ ನಿಂತ ಮೇಲೆ ಗದ್ದೆಯ ಬದು, ತೋಟದ ಕಾಲುವೆ ಬದಿಯಲ್ಲೆಲ್ಲ ಒಂದೆಲಗ ಹಬ್ಬಿರುತ್ತದೆ. ಸಣ್ಣ ಕೊಡೆಯ ಹಾಗಿನ ಎಲೆ, ಜಗಿದರೆ ಒಗರು. ಕಾರವಾರದಲ್ಲಿ ನಾನು ಕುಂಡದಲ್ಲಿ ಬೆಳೆಸಿಕೊಂಡಿದ್ದೇನೆ. ದಿನಾ ನೀರು ಬಿದ್ದರೆ ಸಾಕು, ಬೇರೇನೂ ಕೇಳುವುದಿಲ್ಲ.

ಮಾಡುವುದು ಹತ್ತು ನಿಮಿಷದ ಕೆಲಸ. ಆದರೆ ಹೊಸಬರು ತಪ್ಪುವುದು ಇಲ್ಲೇ. ಹಾಗಾಗಿ ನಿಧಾನ ಹೇಳುತ್ತೇನೆ.

ಎರಡು ಹಿಡಿ ಎಲೆ ಕೊಯ್ದು ತನ್ನಿ, ಎಳೆ ದಂಟು ಇದ್ದರೂ ಸರಿ. ಇದು ಕೆಸರಲ್ಲಿ ಬೆಳೆಯುವ ಸೊಪ್ಪು. ಅಗಲ ಪಾತ್ರೆಯಲ್ಲಿ ನೀರು ತುಂಬಿ, ಸೊಪ್ಪು ಮುಳುಗಿಸಿ, ಮೇಲಿನಿಂದ ಎತ್ತಿಕೊಳ್ಳಿ. ಮಣ್ಣು ತಳದಲ್ಲಿ ಉಳಿಯುತ್ತದೆ. ನೀರು ತಿಳಿಯಾಗಿ ಕಾಣುವ ತನಕ ನಾಲ್ಕು ಸಲ ಹೀಗೆ ಮಾಡಿ. ನಲ್ಲಿ ಕೆಳಗೆ ಹಿಡಿದು ತೊಳೆದರೆ ಎಲೆಯ ಮಡಿಕೆಯಲ್ಲಿ ಮಣ್ಣು ಹಾಗೇ ಉಳಿಯುತ್ತದೆ.

ಬಾಣಲೆಯಲ್ಲಿ ಒಂದು ಚಮಚ ತುಪ್ಪ ಕಾಯಿಸಿ. ಒಂದು ಚಮಚ ಜೀರಿಗೆ, ಐದಾರು ಕಾಳುಮೆಣಸು ಹಾಕಿ. ಜೀರಿಗೆ ಉಬ್ಬಿ ಪರಿಮಳ ಬಂದ ಕೂಡಲೇ ಸೊಪ್ಪು ಹಾಕಿ ಬಾಡಿಸಿ. ಎಲೆ ಕುಗ್ಗಿ, ಹಸಿರು ಗಾಢವಾಗಿ, ಹಸಿ ವಾಸನೆ ಹೋಗಬೇಕು. ಕಪ್ಪಾಗುವ ತನಕ ಇಟ್ಟರೆ ಕೆಟ್ಟಿತು. ಇಳಿಸಿ ಪೂರ್ತಿ ಆರಲು ಬಿಡಿ. ನಾನು ಹುಡುಗಿಯಾಗಿದ್ದಾಗ ಈ ಹಂತದಲ್ಲೇ ಅವಸರ ಮಾಡುತ್ತಿದ್ದೆ. ಒಲೆ ಪಕ್ಕದಿಂದ ಆಯಿ ಕೂಗುತ್ತಿದ್ದಳು, "ಮಜ್ಜಿಗೆ ಈಗ್ಲೇ ಹಾಕಡ, ಒಡದು ಹೋಗ್ತು!"

ಆರಿದ ಮೇಲೆ ಕಾಲು ಲೋಟ ಕಾಯಿತುರಿ ಸೇರಿಸಿ ನುಣ್ಣಗೆ ಅರೆಯಿರಿ. ಮಿಕ್ಸಿಯಾದರೆ ನಡುನಡುವೆ ನಿಲ್ಲಿಸಿ, ಬಿಸಿ ಹಿಡಿಯಬಾರದು. ಎರಡು ಲೋಟ ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ. ಮಜ್ಜಿಗೆ ಹುಳಿ ಬಂದದ್ದಲ್ಲ, ಆ ದಿನ ಕಡೆದದ್ದು ಒಳ್ಳೆಯದು. ಸಾಸಿವೆ, ಒಂದು ಒಣಮೆಣಸಿನ ಒಗ್ಗರಣೆ. ಇದನ್ನು ಮತ್ತೆ ಕಾಯಿಸುವುದಿಲ್ಲ. ಮಜ್ಜಿಗೆಯಲ್ಲಿ ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಾಣುಗಳಿರುತ್ತವೆ, ಕಾಯಿಸಿದರೆ ಅವು ಸಾಯುತ್ತವೆ. ಮಾಡಿದ ಹೊತ್ತಿನ ಊಟಕ್ಕೇ ಮುಗಿಸಿ.

ಒಂದೆಲಗ ಸಿಗದಿದ್ದರೆ ಇದೇ ಕ್ರಮದಲ್ಲಿ ದೊಡ್ಡಪತ್ರೆ, ಚಕ್ರಮುನಿ, ಮೆಂತೆ, ಶುಂಠಿ ಯಾವುದನ್ನಾದರೂ ಹಿಡಿಯಬಹುದು. ಗಂಟಲು ಕಟ್ಟಿದಾಗ ಶುಂಠಿಯದ್ದು, ಹೊಟ್ಟೆ ಕೆಟ್ಟಾಗ ದಾಳಿಂಬೆ ಸಿಪ್ಪೆಯದ್ದು. ಇದು ಆಯಿಯ ಲೆಕ್ಕ.

ಕಾರವಾರದ ಸಂತೆಯಿಂದ ಸೊಪ್ಪು, ತರಕಾರಿ

ಭಾನುವಾರದ ಸಂತೆಗೆ ಬೇಗ ಹೋಗಿ. ಸುತ್ತಲಿನ ಹಳ್ಳಿಗಳ ಹೆಂಗಸರು ತಮ್ಮ ಹಿತ್ತಲಿನದ್ದನ್ನೇ ತಂದು ಹಾಸಿ ಕೂತಿರುತ್ತಾರೆ. ಕೆಂಪು ಹರಿವೆ, ಬಸಳೆ ಬಳ್ಳಿ, ಮೊಗೆಕಾಯಿ, ಹೀರೆ, ಸಿಹಿಗುಂಬಳದ ಹೋಳು. ಎಲ್ಲಕ್ಕೂ ಬೇರೆ ಬೇರೆ ಅಡುಗೆ ಹೇಳುತ್ತ ಹೋದರೆ ಮುಗಿಯುವುದಿಲ್ಲ. ಎರಡು ಮಾತು ನೆನಪಿಡಿ. ಕೆಂಪು, ಹಳದಿ ತರಕಾರಿಗೆ, ಹಸಿರು ಸೊಪ್ಪಿಗೆ ಸ್ವಲ್ಪ ಕಾಯಿ ಅಥವಾ ಎಣ್ಣೆ ಬಿದ್ದರೇ ಅದರ ಎ ಅಂಶ ಮೈಗೆ ಹತ್ತುವುದು. ಸೊಪ್ಪನ್ನು ತೊಳೆದು ಆಮೇಲೆ ಹೆಚ್ಚಿ, ಹೆಚ್ಚಿದ ಮೇಲೆ ತೊಳೆಯಬೇಡಿ. ಕೆಸುವಿನ ಎಲೆ ತಂದರೆ ಹುಳಿ ಹಾಕಿ ಚೆನ್ನಾಗಿ ಬೇಯಿಸಿ. ಅರೆಬೆಂದರೆ ಗಂಟಲು ಕೆರೆಯುತ್ತದೆ.

ಬಂಗಡೆ ಹುಮಣ

ಮೀನು ತಿನ್ನುವವರಿಗೆ ಈ ತಿಂಗಳುಗಳಷ್ಟು ಒಳ್ಳೆಯ ಕಾಲ ಇನ್ನಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗಸ್ಟಿನಲ್ಲಿ ಬೋಟು ಇಳಿಯುತ್ತವೆ, ನವರಾತ್ರಿ ಮುಗಿಯುವ ಹೊತ್ತಿಗೆ ಬಂಗಡೆ, ತಾರ್ಲೆ (ಬೂತಾಯಿ) ಬುಟ್ಟಿ ತುಂಬ. ದುಬಾರಿ ಇಸವಣದ (ಅಂಜಲ್ ಮೀನಿನ) ಹಿಂದೆ ಹೋಗಬೇಕಿಲ್ಲ. ಮೈಗೆ ಬೇಕಾದ ಒಮೇಗಾ-3 ಕೊಬ್ಬು, ವಿಟಮಿನ್ ಡಿ ಈ ಅಗ್ಗದ ಎಣ್ಣೆಮೀನುಗಳಲ್ಲೇ ಧಾರಾಳ. ತಾರ್ಲೆಯ ಮೆತ್ತನೆ ಮುಳ್ಳು ಜಗಿದು ತಿಂದರೆ ಕ್ಯಾಲ್ಸಿಯಂ ಕೂಡ.

ಮೀನು ಆರಿಸುವುದನ್ನು ವೈನಿ ಕಲಿಸಿದರು. ಅವರು ಮಾರ್ಕೆಟ್ಟಿನಲ್ಲಿ ದರ ಕೇಳುವ ಮೊದಲು ಕಿವಿರು ಎತ್ತಿ ನೋಡುತ್ತಾರೆ. ಒಳಗೆ ಕೆಂಪಗಿರಬೇಕು. ಕಂದಾಗಿದ್ದರೆ ಮುಂದಿನ ಬುಟ್ಟಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಹೊಟ್ಟೆಯನ್ನು ಬೆರಳಿಂದ ಒತ್ತಿ ಬಿಟ್ಟರೆ ಕುಳಿ ಉಳಿಯಬಾರದು. ಕೊನೆಗೆ, "ಬರ್ಫ್ ಹಾಕಿದ್ದೀರಾ ಅಕ್ಕಾ?" ಎಂದು ಕೇಳಿಯೇ ಕೇಳುತ್ತಾರೆ. ಬಂಗಡೆ, ತಾರ್ಲೆಯನ್ನು ಐಸಿಲ್ಲದೆ ಬಿಸಿಲಲ್ಲಿ ಇಟ್ಟರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಕೂಡುತ್ತದೆ. ತಿಂದವರಿಗೆ ಮುಖ ಕೆಂಪೇರಿ, ತುರಿಕೆ, ತಲೆನೋವು ಬರುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಮೀನು ಕೊಂಡ ಮೇಲೆ ಪೇಟೆ ಸುತ್ತಬೇಡಿ, ನೇರ ಮನೆಗೆ ಬನ್ನಿ.

ಹುಮಣ ಅಂದರೆ ಕಾಯಿ ಅರೆದು ಮಾಡುವ ಮೀನು ಸಾರು. ನಾಲ್ಕು ಜನಕ್ಕೆ ಅರ್ಧ ಕಿಲೋ ಬಂಗಡೆ ಸಾಕು.

1. ಮೀನು ಸ್ವಚ್ಛ ಮಾಡಿ, ತುಂಡು ಮಾಡಿ, ಉಪ್ಪು ಅರಿಶಿನ ಸವರಿಡಿ.
2. ಒಂದು ಲೋಟ ಕಾಯಿತುರಿ, ಎಂಟು ಬ್ಯಾಡಗಿ ಮೆಣಸು, ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಅರಿಶಿನ, ನೆಲ್ಲಿಕಾಯಿ ಗಾತ್ರದ ಹುಣಸೆ. ಇಷ್ಟನ್ನೂ ಬೆಣ್ಣೆಯ ಹಾಗೆ ಅರೆಯಿರಿ.
3. ಎಂಟು ಹತ್ತು ತೆಪ್ಪಲ್ (ಮೀನಿನ ಅಡುಗೆಗೆ ಹಾಕುವ ಪರಿಮಳದ ಸಣ್ಣ ಕಾಯಿ) ತೆಗೆದುಕೊಳ್ಳಿ. ಒಳಗಿನ ಕಪ್ಪು ಬೀಜ ಬಿಸಾಡಿ, ಸಿಪ್ಪೆ ಮಾತ್ರ ಸ್ವಲ್ಪ ಜಜ್ಜಿ ನೀರಲ್ಲಿ ಹಾಕಿಡಿ. ಇದನ್ನು ಮಸಾಲೆ ಜೊತೆ ಅರೆಯಬಾರದು, ಕಹಿಯಾಗುತ್ತದೆ.
4. ಮಣ್ಣಿನ ಪಾತ್ರೆಯಲ್ಲಿ ಮಸಾಲೆಗೆ ನೀರು ಸೇರಿಸಿ ಕುದಿಸಿ. ತೆಪ್ಪಲ್ ನೀರು ಸಮೇತ ಹಾಕಿ.
5. ಚೆನ್ನಾಗಿ ಕುದಿ ಬಂದ ಮೇಲೆ ಮೀನು ಬಿಡಿ. ಏಳೆಂಟು ನಿಮಿಷ ಸಾಕು. ಸೌಟು ಹಾಕಿ ತಿರುವಬೇಡಿ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ.
6. ಇಳಿಸಿ, ಒಂದು ಚಮಚ ಹಸಿ ತೆಂಗಿನೆಣ್ಣೆ ಮೇಲೆ ಬಿಟ್ಟು ಮುಚ್ಚಿ. ಅರ್ಧ ತಾಸು ಬಿಟ್ಟು ಮುಚ್ಚಳ ತೆಗೆಯಿರಿ.

ತೆಪ್ಪಲ್ಲಿನ ಪರಿಮಳ ಆಗ ಏರುತ್ತದೆ. ನಾಲಿಗೆ ತುದಿ ಜುಮ್ಮೆನ್ನುತ್ತದೆ. ಘಟ್ಟದ ಮೇಲೆ ಇದನ್ನು ಜುಮ್ಮನಕಾಯಿ ಎನ್ನುವುದು ಅದಕ್ಕೇ. ವಾರಕ್ಕೆ ಎರಡು ಸಲ ಈ ಹುಮಣ ಆದರೆ ಚೆನ್ನ. ಮೀನನ್ನು ಪ್ರತಿ ಸಲ ರವೆ ಹಚ್ಚಿ ಎಣ್ಣೆಯಲ್ಲಿ ಕರಿಯಬೇಡಿ, ಒಳ್ಳೆಯ ಕೊಬ್ಬು ತಿನ್ನಲು ಹೋಗಿ ಬರೀ ಕರಿದ ಎಣ್ಣೆ ಹೊಟ್ಟೆ ಸೇರುತ್ತದೆ.

ಊಟದ ಕೊನೆಗೆ ಸೋಲ್ ಕಡಿ. ಹತ್ತು ಮುರುಗಲ ಸಿಪ್ಪೆ ಬೆಚ್ಚಗಿನ ನೀರಲ್ಲಿ ಅರ್ಧ ತಾಸು ನೆನೆಸಿ ಕಿವುಚಿ, ಒಂದು ಲೋಟ ಕಾಯಿಹಾಲು, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಸೇರಿಸಿ. ಒಲೆಗೆ ಇಡುವುದು ಬೇಡ.

ನೆಲ್ಲಿಕಾಯಿಯನ್ನು ಹಸಿಯಾಗಿ

ದೀಪಾವಳಿ ಹತ್ತಿರ ಬಂದಾಗ ಕಾಡುನೆಲ್ಲಿ ಬರಲು ಶುರು. ಪೇಟೆಯ ದೊಡ್ಡ ನೆಲ್ಲಿಗಿಂತ ಸಣ್ಣದು, ಒಗರು ಜಾಸ್ತಿ. ಕಿತ್ತಳೆಗಿಂತ ಎಷ್ಟೋ ಪಟ್ಟು ವಿಟಮಿನ್ ಸಿ ಇದರಲ್ಲಿದೆ. ಕುದಿಸಿದರೆ ಅದು ಕಡಿಮೆಯಾಗುತ್ತದೆ. ಅದಕ್ಕೇ ನಾನು ಸಕ್ಕರೆ ಪಾಕದ ಮುರಬ್ಬಾಕ್ಕಿಂತ ಉಪ್ಪುನೀರಿನ ನೆಲ್ಲಿ ಇಷ್ಟಪಡುತ್ತೇನೆ.

ಒಂದು ಲೀಟರ್ ನೀರಿಗೆ 100 ಗ್ರಾಂ ಕಲ್ಲುಪ್ಪು ಹಾಕಿ ಕುದಿಸಿ, ಪೂರ್ತಿ ಆರಿಸಿ. ಅರ್ಧ ಕಿಲೋ ನೆಲ್ಲಿ ತೊಳೆದು, ಒಂದು ಹನಿ ನೀರಿಲ್ಲದ ಹಾಗೆ ಒರೆಸಿ ಭರಣಿಗೆ ತುಂಬಿ. ನಾಲ್ಕು ಹಸಿಮೆಣಸು ಸೀಳಿ ಹಾಕಿ. ನೆಲ್ಲಿ ಮುಳುಗುವಷ್ಟು ಉಪ್ಪುನೀರು ಸುರಿಯಿರಿ. ತೇಲಿ ಬಂದ ಕಾಯಿಗೆ ಬೂಸರು ಹಿಡಿಯುತ್ತದೆ, ಮೇಲೊಂದು ಸಣ್ಣ ಬಟ್ಟಲು ಇಟ್ಟು ಒತ್ತಿ. ಒಂದು ವಾರಕ್ಕೆ ತಿನ್ನಲು ಬರುತ್ತದೆ. ದಿನಕ್ಕೆ ಒಂದು ಸಾಕು. ಬಿಪಿ ಇದ್ದವರು ಉಪ್ಪಿನದ್ದು ಬಿಟ್ಟು ಹಸಿ ನೆಲ್ಲಿಯನ್ನೇ ತುರಿದು ಮಜ್ಜಿಗೆಗೆ ಹಾಕಿಕೊಳ್ಳಿ.

ಕಷಾಯ, ಆದರೆ ಅಳತೆಯಲ್ಲಿ

ನಮ್ಮೂರ ಕಡೆ ಚಹಾದ ಬದಲು ಕಷಾಯ ಕುಡಿಯುವ ಮನೆಗಳು ಈಗಲೂ ಇವೆ. ಖಾರದ ಮದ್ದಲ್ಲ ಅದು, ಹಾಲು ಬೆಲ್ಲ ಹಾಕಿದ ಸೌಮ್ಯ ಪೇಯ. ಒಂದು ಲೋಟ ಕೊತ್ತಂಬರಿ ಬೀಜ, ಅರ್ಧ ಲೋಟ ಜೀರಿಗೆ, ಒಂದು ದೊಡ್ಡ ಚಮಚ ಕಾಳುಮೆಣಸು, ಒಂದು ಚಮಚ ಮೆಂತೆ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಒಟ್ಟಿಗೆ ಹುರಿದರೆ ಜೀರಿಗೆ ಸೀದು ಹೋಗಿ ಕೊತ್ತಂಬರಿ ಹಸಿ ಉಳಿಯುತ್ತದೆ. ಎರಡು ಬೆರಳುದ್ದ ಒಣಶುಂಠಿ ಜಜ್ಜಿ ಸೇರಿಸಿ, ಆರಿದ ಮೇಲೆ ಪುಡಿ ಮಾಡಿ, ಒಂದು ಚಮಚ ಅರಿಶಿನ ಬೆರೆಸಿ ಡಬ್ಬಿಗೆ ತುಂಬಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಚೂರು ಬೆಲ್ಲ. ಐದು ನಿಮಿಷ ಕುದಿಸಿ, ಅರ್ಧ ಲೋಟ ಹಾಲು ಹಾಕಿ ಸೋಸಿ.

ಅರಿಶಿನದ ಸಾರ ನೀರಿಗಿಂತ ಕೊಬ್ಬಿನಲ್ಲಿ ಕರಗುವಂಥದ್ದು. ಕಾಳುಮೆಣಸು ಇದ್ದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಹಾಲು, ಮೆಣಸು ಎರಡೂ ಇರುವ ಈ ಕಷಾಯದಲ್ಲಿ ಹಳಬರ ಕೈಗುಣ ಕಾಣುತ್ತದೆ. ದಿನಕ್ಕೆ ಒಂದು ಲೋಟ, ಜಾಸ್ತಿ ಅಂದರೆ ಎರಡು. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಿ. ಒಂದು ವರ್ಷದೊಳಗಿನ ಮಗುವಿಗೆ ನೆಗಡಿಯೆಂದು ಜೇನು ನೆಕ್ಕಿಸಬೇಡಿ, ಅದು ಅಪಾಯ.

ಜ್ವರ ಬಂದಾಗ

ಊಟದಿಂದ ಆಗದ ಕೆಲಸವನ್ನು ಊಟಕ್ಕೆ ವಹಿಸಬೇಡಿ. ಮಳೆ ಕಳೆದ ಈ ಕಾಲದಲ್ಲಿ ಡೆಂಗ್ಯೂ ಇರುತ್ತದೆ. ಗದ್ದೆ ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಇಲಿಜ್ವರ ಬರಬಹುದು. ಚಳಿ ಶುರುವಾದ ಮೇಲೆ ಸಿದ್ದಾಪುರ, ಶಿರಸಿ ಕಡೆಯ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಭಯ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ ಅದು, ಉಣ್ಣೆ ಕಚ್ಚಿ ಬರುವಂಥದ್ದು. ಇದಕ್ಕೆಲ್ಲ ಕಷಾಯ ಉತ್ತರವಲ್ಲ. ಎರಡು ದಿನ ಜ್ವರ ಬಿಡದಿದ್ದರೆ, ಮೈಕೈ ನೋವು ಜೋರಾಗಿದ್ದರೆ, ಮೂತ್ರ ಕಡಿಮೆಯಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಗದ್ದೆಗೆ ಇಳಿದಿದ್ದೆ, ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ.

ಔಷಧಿ ಅವರದ್ದು, ಪಥ್ಯ ನಮ್ಮದು. ಜ್ವರ ಇರುವಾಗ ಗಂಜಿ ತಿಳಿಗೆ ಚಿಟಿಕೆ ಉಪ್ಪು ಹಾಕಿ ಅರ್ಧರ್ಧ ತಾಸಿಗೆ ಎರಡು ಗುಟುಕು. ಜ್ವರ ಇಳಿದ ದಿನ ಅಗುಳು ಸಮೇತ ಗಂಜಿ, ಜೀರಿಗೆ ತುಪ್ಪ. ಮರುದಿನ ಹೆಸರುಬೇಳೆ ತೊವ್ವೆ, ಬೇಯಿಸಿದ ಸಿಹಿಗುಂಬಳ. ಒತ್ತಾಯ ಮಾಡಿ ಬಾಯಿಗೆ ತುರುಕಬೇಡಿ, ಸ್ವಲ್ಪ ಸ್ವಲ್ಪ ಹಲವು ಸಲ ಕೊಡಿ. ಆಮೇಲೆ ಮೊಟ್ಟೆ, ಮಜ್ಜಿಗೆ, ಕಟ್ಟಿನ ಸಾರು. ಹೋದ ವರ್ಷ ನನ್ನ ಮಗಳು ಜ್ವರದಿಂದ ಎದ್ದು ಐದು ದಿನ ತಟ್ಟೆ ಮುಂದೆ ಸುಮ್ನೆ ಕೂತಿರುತ್ತಿದ್ದಳು. ಎರಡು ತುತ್ತು, ಮೂರು ತುತ್ತು, ಅಷ್ಟೇ. ಆರನೇ ದಿನ ಬೆಳಿಗ್ಗೆ ಗಂಜಿ ಬಟ್ಟಲು ನೋಡಿ, "ಇವತ್ತೂ ಮೀನಿಲ್ವಾ ಅಮ್ಮಾ?" ಎಂದು ಕೇಳಿದಳು. ನಾನು ಒಲೆ ಆರಿಸಿ ಸಂತೆ ಚೀಲ ತೆಗೆದುಕೊಂಡು ಹೊರಟೆ.